ಹೊಸ ಎಸ್‌ಎಸ್‌ಡಿ ಹಾಕಿದ್ಮೇಲೆ ಕಂಪ್ಯೂಟರ್ ಬೂಟ್ ಆಗ್ತಿಲ್ವಾ? ಫಾರ್ಮ್ಯಾಟ್ ಮಾಡೋ ಮುಂಚೆ ಇದನ್ನ ಕೇಳಿ

ಇವತ್ತಿನ ವಿಷಯ ಸ್ವಲ್ಪ ಟೆಕ್ನಿಕಲ್. ಹೆದರ್ಕೋಬೇಡಿ, ನಾನು ಓದಿದ್ದು ಬಿಕಾಂ, ಎಂಜಿನಿಯರಿಂಗ್ ಅಲ್ಲ. ನನಗೆ ಅರ್ಥ ಆಗಿದೆ ಅಂದ್ರೆ ನಿಮಗೂ ಖಂಡಿತ ಆಗುತ್ತೆ.

ವಿಷಯ ಇಷ್ಟು. ಹಳೇ ಕಂಪ್ಯೂಟರ್ ನಿಧಾನ ಆಯ್ತು ಅಂತ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸ್ತೀರಿ. ಹಳೇ ಡಿಸ್ಕ್‌ನಲ್ಲಿರೋದನ್ನೆಲ್ಲ ಹೊಸದಕ್ಕೆ ಕಾಪಿ ಮಾಡಿರ್ತಾರೆ. ಇದನ್ನೇ ಕ್ಲೋನ್ ಮಾಡೋದು ಅಂತಾರೆ. ಮನೆಗೆ ತಂದು ಪವರ್ ಬಟನ್ ಒತ್ತುತ್ತೀರಿ. ಕಪ್ಪು ಪರದೆ ಮೇಲೆ ಬಿಳಿ ಅಕ್ಷರದಲ್ಲಿ ‘ನೋ ಬೂಟಬಲ್ ಡಿವೈಸ್ ಫೌಂಡ್’ ಅಂತ ಬರುತ್ತೆ. ಇಲ್ಲಾಂದ್ರೆ ನೀಲಿ ಪರದೆ ಮೇಲೆ ಬೇಜಾರಿನ ಮುಖದ ಗುರುತು, ಕೆಳಗೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಅಂತ. ಎದೆ ಧಸಕ್ ಅನ್ನುತ್ತೆ. ಅಂಗಡಿಗೆ ಫೋನ್ ಮಾಡಿದ್ರೆ ಎಷ್ಟೋ ಕಡೆ ಸಿಗೋ ಉತ್ತರ ಒಂದೇ: ‘ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕ್ಬೇಕು.’

ಇವತ್ತು ನಾನು ಹೇಳೋಕೆ ಹೊರಟಿರೋದು ಒಂದೇ ಮಾತು. ಆ ಪರದೆ ನಿಮ್ಮ ಡೇಟಾ ಹೋಯ್ತು ಅಂತ ಹೇಳ್ತಿಲ್ಲ. ‘ಎಲ್ಲಿಂದ ಶುರು ಮಾಡಬೇಕು ಅಂತ ನನಗೆ ಗೊತ್ತಾಗ್ತಿಲ್ಲ’ ಅಂತ ಹೇಳ್ತಿದೆ, ಅಷ್ಟೇ. ಇವೆರಡೂ ಬೇರೆ ಬೇರೆ ಸಂಗತಿ. ಎರಡನ್ನೂ ಒಂದೇ ಅಂದುಕೊಂಡು ಫಾರ್ಮ್ಯಾಟ್ ಒತ್ತಿದಾಗಲೇ ನಿಜವಾದ ನಷ್ಟ ಆಗೋದು.

ಈ ವಿಷಯ ಈಗ ಯಾಕೆ ಅಂದ್ರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡ್ತಿದ್ದ ಸಾಮಾನ್ಯ ಬೆಂಬಲ ಮುಗೀತು. ಆಗಿನಿಂದ ‘ಹೊಸ ಕಂಪ್ಯೂಟರ್ ತಗೊಳ್ಳೋದಾ, ಇರೋದನ್ನೇ ಸರಿಮಾಡಿಸೋದಾ’ ಅನ್ನೋ ಪ್ರಶ್ನೆ ಬಹಳ ಮನೆಗಳಲ್ಲಿ, ಸಣ್ಣ ಆಫೀಸುಗಳಲ್ಲಿ ಎದ್ದಿದೆ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕೋದು ಕಡಿಮೆ ಖರ್ಚಿನಲ್ಲಿ ದೊಡ್ಡ ವ್ಯತ್ಯಾಸ ಕೊಡೋ ಕೆಲಸ. ಹಾಕಿಸಬೇಡಿ ಅಂತ ನಾನು ಹೇಳಲ್ಲ. ಹಾಕಿಸಿ. ಆದ್ರೆ ಅದು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಅಂತ ತಿಳ್ಕೊಂಡು ಹಾಕಿಸಿ.

ಸರಿ. ಪವರ್ ಬಟನ್ ಒತ್ತಿದ್ಮೇಲೆ ಒಳಗೆ ಏನಾಗುತ್ತೆ?

ನಮ್ಮ ಕಾಮರ್ಸ್ ಭಾಷೆಯಲ್ಲೇ ಹೇಳ್ತೀನಿ. ಹಳೇ ಕಾಲದ ದಪ್ಪ ಲೆಡ್ಜರ್ ನೆನಪಿಸ್ಕೊಳ್ಳಿ. ಅದರ ಮೊದಲ ಪುಟಗಳಲ್ಲಿ ಇಂಡೆಕ್ಸ್ ಇರುತ್ತೆ. ಇಂಥವರ ಖಾತೆ ಇಂಥ ಪುಟದಲ್ಲಿ ಅಂತ. ಈಗ ಗುಮಾಸ್ತರು ಎಲ್ಲ ಖಾತೆಗಳನ್ನೂ ಹೊಸ ಪುಸ್ತಕಕ್ಕೆ ಸರಿಯಾಗಿ ಬರೆದ್ರು, ಆದ್ರೆ ಇಂಡೆಕ್ಸ್ ಬರೆಯೋದು ಬಿಟ್ರು ಅಂದ್ಕೊಳ್ಳಿ. ಇಲ್ಲಾ ಇಂಡೆಕ್ಸ್‌ನಲ್ಲಿ ಹಳೇ ಪುಸ್ತಕದ ಪುಟಸಂಖ್ಯೆನೇ ಉಳೀತು. ಖಾತೆ ಕಳೆದುಹೋಯ್ತಾ? ಇಲ್ಲ. ಹುಡುಕೋರಿಗೆ ದಾರಿ ಸಿಗ್ತಿಲ್ಲ.

ಕಂಪ್ಯೂಟರ್‌ನಲ್ಲೂ ಹೀಗೇ. ಮದರ್‌ಬೋರ್ಡ್‌ನ ಒಂದು ಚಿಪ್‌ನಲ್ಲಿ ಸಣ್ಣ ಪ್ರೋಗ್ರಾಂ ಇರುತ್ತೆ. ಹಳೇದಕ್ಕೆ ಬಯೋಸ್ ಅಂತ ಹೆಸರು, ಹೊಸದಕ್ಕೆ ಯುಇಎಫ್‌ಐ. ಮಾತಲ್ಲಿ ಎರಡಕ್ಕೂ ಬಯೋಸ್ ಅಂತಾನೇ ಅಂತೀವಿ. ಬಟನ್ ಒತ್ತಿದ ಕೂಡಲೇ ಮೊದಲು ಏಳೋದು ಇದು. ಯಾವ ಡ್ರೈವ್ ಇದೆ ಅಂತ ನೋಡುತ್ತೆ, ಆ ಡ್ರೈವ್‌ನಲ್ಲಿ ಬೂಟ್‌ಲೋಡರ್ ಅನ್ನೋ ಇನ್ನೊಂದು ಸಣ್ಣ ಪ್ರೋಗ್ರಾಂ ಹುಡುಕುತ್ತೆ. ಆ ಬೂಟ್‌ಲೋಡರ್ ವಿಂಡೋಸ್ ಎಲ್ಲಿದೆ ಅಂತ ನೋಡಿ ಅದನ್ನ ಎಬ್ಬಿಸುತ್ತೆ. ಮೂರು ಮೆಟ್ಟಿಲು: ಬಯೋಸ್, ಬೂಟ್‌ಲೋಡರ್, ವಿಂಡೋಸ್. ನಿಮ್ಮ ಫೋಟೋ, ಟ್ಯಾಲಿ ಡೇಟಾ, ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿಟ್ಟ ಹಳೇ ಪತ್ರಗಳು, ಇವೆಲ್ಲ ಈ ಮೂರೂ ಮೆಟ್ಟಿಲು ದಾಟಿದ ಮೇಲೆ ಸಿಗೋ ವಸ್ತುಗಳು. ಮೆಟ್ಟಿಲು ಮುರಿದಿದೆ ಅಂದ ಮಾತ್ರಕ್ಕೆ ಮನೆ ಬಿದ್ದಿದೆ ಅಂತ ಅಲ್ಲ.

ಒಂದು ಉದಾಹರಣೆ ಕೊಡ್ತೀನಿ. ದಾವಣಗೆರೆಯ ಒಂದು ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯೋ ಕೇಳುಗರೊಬ್ಬರು ನನಗೆ ಮೆಸೇಜ್ ಮಾಡಿದ್ರು. ಡೆಸ್ಕ್‌ಟಾಪ್ ತುಂಬಾ ನಿಧಾನ ಅಂತ ಮಾಲೀಕರನ್ನ ಒಪ್ಪಿಸಿ ಎಸ್‌ಎಸ್‌ಡಿ ಹಾಕಿಸಿದ್ದು ಅವರೇ. ತಿಂಗಳ 18ನೇ ತಾರೀಕು. 20ಕ್ಕೆ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕು. ಕಂಪ್ಯೂಟರ್ ಬಂತು, ಬೂಟ್ ಆಗ್ಲಿಲ್ಲ. ಹಾಕಿಕೊಟ್ಟ ಹುಡುಗ ಬಂದು ನೋಡಿ, ‘ಮೇಡಂ, ಕ್ಲೋನ್ ಫೇಲ್ ಆಗಿದೆ, ಎರಡೂ ಡ್ರೈವ್ ಫಾರ್ಮ್ಯಾಟ್ ಮಾಡಿ ಫ್ರೆಶ್ ಹಾಕ್ಬಿಡೋಣ’ ಅಂದ. ಎರಡೂ ಡ್ರೈವ್! ಆಕೆ ಸುಮ್ನೆ ಒಪ್ಪಲಿಲ್ಲ. ‘ಸ್ವಲ್ಪ ತಡಿಯಪ್ಪ’ ಅಂದ್ರು. ಅವರ ಆ ಒಂದು ಮಾತೇ ಅಂಗಡಿಯ ಲೆಕ್ಕ ಉಳಿಸ್ತು.

ನಾನು ಫೋನ್‌ನಲ್ಲಿ ಕೇಳಿದ ಮೊದಲ ಪ್ರಶ್ನೆ: ಹಳೇ ಹಾರ್ಡ್ ಡಿಸ್ಕ್ ಎಲ್ಲಿದೆ? ‘ಕವರ್‌ನಲ್ಲಿ ಹಾಕಿಟ್ಟಿದ್ದೀನಿ’ ಅಂದ್ರು. ಸಾಕು, ಅರ್ಧ ಗೆದ್ದ ಹಾಗೆ. ಯುಎಸ್‌ಬಿ ಕನ್ವರ್ಟರ್ ಕೇಬಲ್‌ನಿಂದ ಅದನ್ನ ಇನ್ನೊಂದು ಲ್ಯಾಪ್‌ಟಾಪ್‌ಗೆ ಜೋಡಿಸಿದ್ರು. ಎಲ್ಲ ಫೈಲೂ ಇತ್ತು. ಮೊದಲು ಟ್ಯಾಲಿಯ ಡೇಟಾ ಫೋಲ್ಡರ್ ಪೂರ್ತಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಅಂದೆ. ರಿಪೇರಿ ವಿಷಯ ಆಮೇಲೆ.

ಎರಡನೇ ಪ್ರಶ್ನೆ: ಬಯೋಸ್‌ನಲ್ಲಿ ತಾರೀಕು ಎಷ್ಟು ತೋರಿಸ್ತಿದೆ? ನೋಡಿ ಹೇಳಿದ್ರು, ಎಷ್ಟೋ ವರ್ಷ ಹಿಂದಿನ ಜನವರಿ 1 ಅಂತ. ಅಲ್ಲೇ ವಿಷಯ ಗೊತ್ತಾಯ್ತು. ಮದರ್‌ಬೋರ್ಡ್ ಮೇಲೆ ನಾಣ್ಯದ ಆಕಾರದ ಒಂದು ಬ್ಯಾಟರಿ ಇರುತ್ತೆ, ಸಿಆರ್2032 ಅಂತ. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸೋದು ಅದೇ. ಹಳೇ ಬೋರ್ಡ್‌ಗಳಲ್ಲಿ ಬಯೋಸ್ ಸೆಟ್ಟಿಂಗ್ ಉಳಿಯೋದೂ ಅದರಿಂದಲೇ. ಅದು ಸತ್ತಿತ್ತು. ಡ್ರೈವ್ ಬದಲಾಯಿಸೋಕೆ ಅಂತ ಪ್ಲಗ್ ತೆಗೆದಾಗ ಸೆಟ್ಟಿಂಗ್ ಎಲ್ಲ ಅಳಿಸಿಹೋಗಿ, ಬಯೋಸ್ ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗಾಯ್ತು. ಹಳೇ ವಿಂಡೋಸ್ ಲೆಗಸಿ ಮೋಡ್‌ನಲ್ಲಿ ಹಾಕಿದ್ದು, ಬಯೋಸ್ ಈಗ ಯುಇಎಫ್‌ಐ ಮೋಡ್‌ಗೆ ಹೋಗಿತ್ತು. ಸೆಟ್ಟಿಂಗ್ ವಾಪಸ್ ಬದಲಾಯಿಸಿದ್ರು, ತಾರೀಕು ಸರಿಮಾಡಿದ್ರು, ಹೊಸ ಎಸ್‌ಎಸ್‌ಡಿಯಿಂದಲೇ ವಿಂಡೋಸ್ ಬಂತು. ಎಸ್‌ಎಸ್‌ಡಿದೂ ತಪ್ಪಿಲ್ಲ, ಕ್ಲೋನ್‌ದೂ ತಪ್ಪಿಲ್ಲ. ಅಂದಹಾಗೆ, ತಾರೀಕು ತಪ್ಪಿದ್ರೆ ಜಿಎಸ್‌ಟಿ ಪೋರ್ಟಲ್ ಇರಲಿ, ಬ್ಯಾಂಕ್ ಇರಲಿ, ಬ್ರೌಸರ್‌ನಲ್ಲಿ ಸರ್ಟಿಫಿಕೇಟ್ ಎರರ್ ಬರುತ್ತೆ. ಅದನ್ನ ನೋಡಿ ‘ವೈರಸ್ ಬಂದಿದೆ’ ಅನ್ನೋರೂ ಇದ್ದಾರೆ.

ಈಗ ನಿಮ್ಮ ಕಂಪ್ಯೂಟರ್‌ಗೆ ಬರೋಣ. ಒಂದೊಂದೇ ಮೆಟ್ಟಿಲು ನೋಡೋಣ, ಸುಲಭದ್ದು ಮೊದಲು.

ಮೊದಲನೇದು: ಬಯೋಸ್‌ಗೆ ಹೊಸ ಡ್ರೈವ್ ಕಾಣಿಸ್ತಿದ್ಯಾ? ಕಂಪ್ಯೂಟರ್ ಆನ್ ಮಾಡಿದ ತಕ್ಷಣ ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಬಹಳಷ್ಟು ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ಡಿಲೀಟ್ ಕೀ ಒತ್ತುತ್ತಾ ಇರಿ. ಬಯೋಸ್ ತೆರೆಯುತ್ತೆ. ಡ್ರೈವ್‌ಗಳ ಪಟ್ಟಿಯಲ್ಲಿ ಎಸ್‌ಎಸ್‌ಡಿ ಹೆಸರು ಇಲ್ಲಾಂದ್ರೆ ವಿಂಡೋಸ್ ಬಗ್ಗೆ ತಲೆ ಕೆಡಿಸಿಕೊಳ್ಳೋದೇ ಬೇಡ. ಕೇಬಲ್ ಸಡಿಲ ಇರಬಹುದು, ಸರಿಯಾಗಿ ಕೂತಿಲ್ಲದೇ ಇರಬಹುದು. ಎಂ.2 ಅನ್ನೋ ಚೂಯಿಂಗ್ ಗಮ್ ಪಟ್ಟಿಯಂಥ ಎಸ್‌ಎಸ್‌ಡಿ ಆದ್ರೆ ಇನ್ನೊಂದು ವಿಷಯ ಇದೆ. ನೋಡೋಕೆ ಒಂದೇ ಥರ ಇದ್ರೂ ಅದರಲ್ಲಿ ಎರಡು ಜಾತಿ, ಸಾಟಾ ಮತ್ತು ಎನ್‌ವಿಎಂಇ. ಕೆಲವು ಸ್ಲಾಟ್‌ಗೆ ಒಂದೇ ಜಾತಿ ಆಗಿಬರೋದು. ಹಳೇ ಬೋರ್ಡ್‌ಗಳಿಗಂತೂ ಎನ್‌ವಿಎಂಇಯಿಂದ ಬೂಟ್ ಮಾಡೋದೇ ಗೊತ್ತಿರಲ್ಲ. ಹಾಗಾಗಿ ಕೊಳ್ಳೋ ಮುಂಚೆನೇ ಮಾಡೆಲ್ ನಂಬರ್ ಹಿಡ್ಕೊಂಡು ಕಂಪನಿ ವೆಬ್‌ಸೈಟ್‌ನಲ್ಲಿ ನೋಡಿ.

ಎರಡನೇದು: ಬೂಟ್ ಆರ್ಡರ್. ಡ್ರೈವ್ ಕಾಣಿಸ್ತಿದೆ, ಆದ್ರೆ ಬಯೋಸ್ ಇನ್ನೂ ಹಳೇದನ್ನೇ ಹುಡುಕ್ತಿರಬಹುದು. ಬೂಟ್ ಪಟ್ಟಿಯಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಅಂತ ಇದ್ರೆ, ಪಕ್ಕದಲ್ಲಿ ಹೊಸ ಎಸ್‌ಎಸ್‌ಡಿ ಹೆಸರಿರೋದನ್ನ ಮೇಲಕ್ಕೆ ತನ್ನಿ. ಸೇವ್ ಮಾಡಿ ಹೊರಗೆ ಬನ್ನಿ. ಇದೊಂದರಿಂದಲೇ ಸರಿಹೋಗೋ ಕಂಪ್ಯೂಟರ್‌ಗಳು ಬೇಕಾದಷ್ಟಿವೆ.

ಇಲ್ಲೇ ಒಂದು ಎಚ್ಚರಿಕೆ. ಕ್ಲೋನ್ ಆದ ಮೇಲೆ ಮೊದಲ ಸಲ ಬೂಟ್ ಮಾಡುವಾಗ ಹಳೇ ಡ್ರೈವ್ ತೆಗೆದು ಪಕ್ಕಕ್ಕಿಡಿ. ಕ್ಲೋನ್ ಅಂದ್ರೆ ಜೆರಾಕ್ಸ್. ಡಿಸ್ಕ್‌ಗೆ ಇರೋ ಗುರುತಿನ ಸಂಖ್ಯೆನೂ ಹಾಗೇ ಕಾಪಿ ಆಗಿರಬಹುದು. ಒಂದೇ ಗುರುತಿನ ಎರಡು ಡಿಸ್ಕ್ ಕಂಡ್ರೆ ವಿಂಡೋಸ್ ಒಂದನ್ನ ಆಫ್‌ಲೈನ್ ಮಾಡಿಬಿಡುತ್ತೆ. ಜೊತೆಗೆ, ನೀವು ಹೊಸದರಿಂದ ಬೂಟ್ ಆಯ್ತು ಅಂತ ಖುಷಿಪಡ್ತಿರ್ತೀರಿ, ನಿಜವಾಗಿ ಓಡ್ತಿರೋದು ಹಳೇದೇ ಆಗಿರುತ್ತೆ.

ಮೂರನೇದು: ಮೋಡ್ ಹೊಂದಾಣಿಕೆ. ದಾವಣಗೆರೆಯಲ್ಲಿ ಆಗಿದ್ದು ಇದೇ. ಡಿಸ್ಕನ್ನ ಭಾಗ ಮಾಡೋಕೆ ಎರಡು ಪದ್ಧತಿ ಇವೆ. ಎಂಬಿಆರ್ ಅನ್ನೋದು 1983ರಲ್ಲಿ ಪಿಸಿ ಡಾಸ್ 2.0 ಜೊತೆ ಬಂದದ್ದು. ಸಾಮಾನ್ಯವಾಗಿ 2 ಟಿಬಿಗಿಂತ ದೊಡ್ಡ ಡಿಸ್ಕ್‌ನ ಪೂರ್ತಿ ಜಾಗ ಅದಕ್ಕೆ ಬಳಸೋಕಾಗಲ್ಲ. ಜಿಪಿಟಿ ಅನ್ನೋದು ಆಮೇಲಿನದು. ವಿಂಡೋಸ್ ವಿಷಯದಲ್ಲಿ ಲೆಕ್ಕ ಸರಳ. ಲೆಗಸಿ ಮೋಡ್‌ಗೆ ಎಂಬಿಆರ್ ಡಿಸ್ಕ್, ಯುಇಎಫ್‌ಐ ಮೋಡ್‌ಗೆ ಜಿಪಿಟಿ ಡಿಸ್ಕ್. ಜೋಡಿ ತಪ್ಪಿದ್ರೆ ಬೂಟ್ ಆಗಲ್ಲ. ಹಳೇ ಡಿಸ್ಕ್ ಯಾವ ಮೋಡ್‌ನಲ್ಲಿತ್ತೋ ಅದೇ ಮೋಡ್‌ಗೆ ಬಯೋಸ್ ಇಟ್ಟು ನೋಡಿ. ಕೆಲವು ಬಯೋಸ್‌ನಲ್ಲಿ ಇದಕ್ಕೆ ಸಿಎಸ್‌ಎಂ ಅಂತ ಹೆಸರು. ಎಂಬಿಆರ್‌ನಿಂದ ಜಿಪಿಟಿಗೆ ಹೋಗ್ಬೇಕು ಅಂದ್ರೆ ಡೇಟಾ ಅಳಿಸದೇ ಬದಲಾಯಿಸೋ ‘ಎಂಬಿಆರ್2ಜಿಪಿಟಿ’ ಅನ್ನೋ ಟೂಲನ್ನ ಮೈಕ್ರೋಸಾಫ್ಟ್ 2017ರಿಂದ ವಿಂಡೋಸ್ ಒಳಗೇ ಕೊಟ್ಟಿದೆ. ಮೊದಲು ‘ವ್ಯಾಲಿಡೇಟ್’ ಕೊಟ್ಟು, ಸರಿ ಅಂದ್ರೆ ಮಾತ್ರ ‘ಕನ್ವರ್ಟ್’ ಕೊಡಬೇಕು. ಬ್ಯಾಕಪ್ ಇಲ್ಲದೇ ಅದಕ್ಕೆ ಕೈ ಹಾಕಬೇಡಿ.

ನಾಲ್ಕನೇದು: ನೀಲಿ ಪರದೆ, ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’. ಇಲ್ಲಿ ವಿಂಡೋಸ್ ಏಳೋಕೆ ಶುರು ಮಾಡಿದೆ, ಆದ್ರೆ ಡ್ರೈವ್ ಜೊತೆ ಮಾತಾಡೋ ಡ್ರೈವರ್ ಅದಕ್ಕೆ ಸಿಕ್ಕಿಲ್ಲ. ಬಯೋಸ್‌ನಲ್ಲಿ ಸಾಟಾ ಮೋಡ್ ಅಥವಾ ಸ್ಟೋರೇಜ್ ಮೋಡ್ ಅಂತ ಇರುತ್ತೆ. ಎಎಚ್‌ಸಿಐ, ರೇಡ್, ಇಂಟೆಲ್ ಆರ್‌ಎಸ್‌ಟಿ, ವಿಎಂಡಿ ಅಂತೆಲ್ಲ ಹೆಸರು. ಇದು ಬದಲಾಗಿದ್ರೆ ಮೊದಲು ಹೇಗಿತ್ತೋ ಹಾಗೆ ಮಾಡಿ. ಸಾಟಾದಿಂದ ಎನ್‌ವಿಎಂಇಗೆ ಹೋಗಿದ್ರೆ ಒಂದು ಉಪಾಯ ಇದೆ. ಎರಡು ಮೂರು ಸಲ ಬೂಟ್ ಫೇಲ್ ಆದ್ರೆ ವಿಂಡೋಸ್ ತಾನಾಗೇ ರಿಕವರಿ ಪರದೆ ತೋರಿಸುತ್ತೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್‌ಗೆ ಹೋಗಿ ಸೇಫ್ ಮೋಡ್ ಆರಿಸಿ. ಸೇಫ್ ಮೋಡ್‌ನಲ್ಲಿ ಒಂದು ಸಲ ಎದ್ದರೆ ಬೇಕಾದ ಡ್ರೈವರ್ ಸೇರ್ಕೊಂಡು, ಮುಂದಿನ ಸಲ ಮಾಮೂಲಿನಂತೆ ಬರೋ ಸಾಧ್ಯತೆ ಹೆಚ್ಚು.

ಐದನೇದು: ಇಂಡೆಕ್ಸ್ ಪುಟವೇ ಕಾಪಿ ಆಗಿಲ್ಲದಿರೋದು. ಕೆಲವರು ಸಿ ಡ್ರೈವ್ ಒಂದನ್ನೇ ಕಾಪಿ ಮಾಡ್ತಾರೆ. ಆದ್ರೆ ಬೂಟ್‌ಲೋಡರ್ ಇರೋದು ಇಎಫ್‌ಐ ಅನ್ನೋ ಬೇರೆ ಸಣ್ಣ ಪಾರ್ಟಿಷನ್‌ನಲ್ಲಿ. ಸಾಮಾನ್ಯವಾಗಿ 100 ಎಂಬಿ ಆಸುಪಾಸು, ಮೈ ಕಂಪ್ಯೂಟರ್‌ನಲ್ಲಿ ಕಾಣೋದೇ ಇಲ್ಲ. ಅದಿಲ್ಲದೇ ಸಿ ಡ್ರೈವ್ ಪೂರ್ತಿ ಇದ್ರೂ ಪ್ರಯೋಜನ ಇಲ್ಲ. ಇದಕ್ಕೆ ಸುಲಭ ದಾರಿ, ಹಳೇ ಡಿಸ್ಕ್‌ನಿಂದ ಪೂರ್ತಿ ಡಿಸ್ಕನ್ನೇ ಮತ್ತೆ ಕ್ಲೋನ್ ಮಾಡೋದು. ಹಳೇದು ಕೈಯಲ್ಲಿದ್ರೆ ತಾನೆ ಅದು ಸಾಧ್ಯ?

ಇಎಫ್‌ಐ ಪಾರ್ಟಿಷನ್ ಇದೆ, ಒಳಗಿನ ಫೈಲ್ ಕೆಟ್ಟಿದೆ ಅಂದ್ರೆ ವಿಂಡೋಸ್ ಇನ್‌ಸ್ಟಾಲ್ ಮಾಡೋ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ‘ಇನ್‌ಸ್ಟಾಲ್’ ಒತ್ತಬೇಡಿ, ‘ರಿಪೇರ್ ಯುವರ್ ಕಂಪ್ಯೂಟರ್’ ಒತ್ತಿ. ಮೊದಲು ‘ಸ್ಟಾರ್ಟ್‌ಅಪ್ ರಿಪೇರ್’ ಕೊಟ್ಟು ನೋಡಿ. ಆಗ್ಲಿಲ್ಲ ಅಂದ್ರೆ ಕಮಾಂಡ್ ಪ್ರಾಂಪ್ಟ್. ಡಿಸ್ಕ್‌ಪಾರ್ಟ್ ತೆರೆದು ‘ಲಿಸ್ಟ್ ವಾಲ್ಯೂಮ್’ ಅಂತ ಕೊಡಿ. ಎಫ್‌ಎಟಿ32 ಅಂತ ತೋರಿಸೋ ಸಣ್ಣ ಪಾರ್ಟಿಷನ್ ಆರಿಸಿ ಅದಕ್ಕೆ ಎಸ್ ಅನ್ನೋ ಅಕ್ಷರ ಕೊಡಿ. ಪೆನ್‌ಡ್ರೈವ್‌ದೂ ಎಫ್‌ಎಟಿ32 ಇರುತ್ತೆ, ಹಾಗಾಗಿ ಗಾತ್ರ ನೋಡಿ ಆರಿಸಿ. ವಿಂಡೋಸ್ ಇರೋದು ಯಾವ ಅಕ್ಷರದಲ್ಲಿ ಅಂತಲೂ ಅಲ್ಲೇ ನೋಡ್ಕೊಳ್ಳಿ, ಯಾಕಂದ್ರೆ ರಿಪೇರಿ ಪರದೆಯಲ್ಲಿ ಸಿ ಇದ್ದದ್ದು ಡಿ ಆಗಿರಬಹುದು. ಡಿಸ್ಕ್‌ಪಾರ್ಟ್‌ನಿಂದ ಹೊರಗೆ ಬಂದು ‘ಬಿಸಿಡಿಬೂಟ್’ ಅಂತ ಒಂದೇ ಪದವಾಗಿ ಟೈಪ್ ಮಾಡಿ. ಸ್ಪೇಸ್ ಬಿಟ್ಟು ಸಿ, ಕೋಲನ್, ಬ್ಯಾಕ್‌ಸ್ಲ್ಯಾಶ್, ವಿಂಡೋಸ್. ಮತ್ತೆ ಸ್ಪೇಸ್, ಸ್ಲ್ಯಾಶ್ ಎಸ್, ಸ್ಪೇಸ್, ಎಸ್ ಕೋಲನ್. ಮತ್ತೆ ಸ್ಪೇಸ್, ಸ್ಲ್ಯಾಶ್ ಎಫ್, ಸ್ಪೇಸ್, ಯುಇಎಫ್‌ಐ. ಎಂಟರ್. ಇದು ನಿಮ್ಮ ಒಂದು ಫೈಲನ್ನೂ ಮುಟ್ಟಲ್ಲ, ಇಂಡೆಕ್ಸ್ ಪುಟ ಹೊಸದಾಗಿ ಬರೆಯುತ್ತೆ ಅಷ್ಟೇ. ಡಿಸ್ಕ್‌ಪಾರ್ಟ್‌ನಲ್ಲಿ ಇರುವಾಗ ‘ಕ್ಲೀನ್’ ಅನ್ನೋ ಪದ ಮಾತ್ರ ಅಪ್ಪಿತಪ್ಪಿಯೂ ಟೈಪ್ ಮಾಡಬೇಡಿ. ಹೆಸರು ಚೆಂದ ಇದೆ, ಆದ್ರೆ ಅದು ಆರಿಸಿದ ಡಿಸ್ಕ್‌ನ ಪಾರ್ಟಿಷನ್‌ಗಳನ್ನೆಲ್ಲ ಅಳಿಸಿಬಿಡುತ್ತೆ. ಇದೆಲ್ಲ ಕೈಲಾಗಲ್ಲ ಅನ್ನಿಸಿದ್ರೆ ಗೊತ್ತಿರೋರ ಹತ್ತಿರ ಹೋಗಿ, ಆದ್ರೆ ‘ಬೂಟ್ ಫೈಲ್ ರಿಪೇರಿ ಮಾಡಿಕೊಡಿ’ ಅಂತ ಕೇಳಿ. ಏನು ಕೇಳ್ಬೇಕು ಅಂತ ಗೊತ್ತಿದ್ರೆ ಸಿಗೋ ಉತ್ತರವೂ ಬದಲಾಗುತ್ತೆ.

ಲಿನಕ್ಸ್ ಬಳಸೋರಿಗೂ ಒಂದು ಮಾತು. ಅಲ್ಲೂ ಕಥೆ ಇದೇ, ಹೆಸರು ಬೇರೆ. ಬೂಟ್‌ಲೋಡರ್ ಹೆಸರು ಗ್ರಬ್. ಫೈಲ್‌ಗಳನ್ನಷ್ಟೇ ಹೊಸ ಡ್ರೈವ್‌ಗೆ ಕಾಪಿ ಮಾಡಿದ್ರೆ ಪಾರ್ಟಿಷನ್‌ನ ಯುಯುಐಡಿ ಬದಲಾಗಿರುತ್ತೆ, ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಹಳೇದೇ ಇರುತ್ತೆ. ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ಅದನ್ನ ತಿದ್ದಿ, ಗ್ರಬ್ ಮತ್ತೆ ಇನ್‌ಸ್ಟಾಲ್ ಮಾಡಿದ್ರೆ ಸಾಕು.

ಇನ್ನು ನಿಜವಾಗಿಯೂ ಡೇಟಾ ಹೋಗೋ ಸಂದರ್ಭಗಳು. ಇದನ್ನ ಸ್ವಲ್ಪ ಗಮನ ಕೊಟ್ಟು ಕೇಳಿ.

ಒಂದು, ಬಿಟ್‌ಲಾಕರ್. ಇದು ಡ್ರೈವ್‌ಗೆ ಹಾಕಿರೋ ಬೀಗ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ಗೊತ್ತಿಲ್ಲದೇ ಆನ್ ಆಗಿರಬಹುದು. ಬಯೋಸ್ ಸೆಟ್ಟಿಂಗ್ ಮುಟ್ಟಿದ ಕೂಡಲೇ 48 ಅಂಕಿಯ ರಿಕವರಿ ಕೀ ಕೇಳಬಹುದು. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿದ್ರೆ ಕೀ ಸಾಮಾನ್ಯವಾಗಿ ಆ ಅಕೌಂಟ್‌ನಲ್ಲಿ ಸಿಗುತ್ತೆ. ಯಾರೋ ಅಂಗಡಿಯವರು ತಮ್ಮ ಇಮೇಲ್ ಹಾಕಿ ವಿಂಡೋಸ್ ಸೆಟಪ್ ಮಾಡಿಕೊಟ್ಟಿದ್ರೆ, ಬೀಗ ನಿಮ್ಮದು, ಬೀಗದಕೈ ಅವರದು. ಡ್ರೈವ್ ಬದಲಾಯಿಸೋ ಮುಂಚೆ ಕೀ ಬರೆದಿಟ್ಕೊಳ್ಳಿ, ಕೆಲಸ ಮುಗಿಯೋವರೆಗೆ ಬಿಟ್‌ಲಾಕರ್ ಸಸ್ಪೆಂಡ್ ಮಾಡಿ.

ಎರಡು, ಹಳೇ ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ಶಬ್ದ ಮಾಡ್ತಿದ್ರೆ ಅದನ್ನ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಅದು ಬೂಟ್ ಸಮಸ್ಯೆ ಅಲ್ಲ, ಡಿಸ್ಕ್ ಸಾಯ್ತಿದೆ. ಡೇಟಾ ರಿಕವರಿ ಮಾಡೋರ ಹತ್ತಿರ ಒಯ್ಯಿರಿ.

ಮೂರು, ಅವಸರದ ಫಾರ್ಮ್ಯಾಟ್. ಇದರ ಬಗ್ಗೆ ನಾನು ಅಂಗಡಿ ಹುಡುಗರನ್ನ ಬೈಯೋಕೆ ಹೋಗಲ್ಲ. ಅವರಿಗೆ ದಿನಕ್ಕೆ ಹತ್ತು ಮಷಿನ್ ಮುಗಿಸಬೇಕು. ಕಾರಣ ಹುಡುಕೋಕೆ ಎರಡು ಗಂಟೆ ಹಿಡಿಯಬಹುದು, ಫಾರ್ಮ್ಯಾಟ್ ಮಾಡೋಕೆ ಎಷ್ಟು ಹೊತ್ತು ಅಂತ ಅವರಿಗೆ ಮೊದಲೇ ಗೊತ್ತು. ಅವರ ಲೆಕ್ಕದಲ್ಲಿ ಅದು ಸರಿ. ಆದ್ರೆ ನಿಮ್ಮ ಲೆಕ್ಕ ಬೇರೆ. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರ, ವಾರ್ಷಿಕ ರಿಟರ್ನ್‌ನ ಕೊನೇ ದಿನದಿಂದ 72 ತಿಂಗಳು ಇಟ್ಕೊಂಡಿರಬೇಕು. ‘ಡ್ರೈವ್ ಬದಲಾಯಿಸುವಾಗ ಹೋಯ್ತು ಸಾರ್’ ಅಂದ್ರೆ ನೋಟಿಸ್ ಕೊಟ್ಟ ಅಧಿಕಾರಿ ಕೇಳ್ತಾರಾ? ಆ ದಿನ ಮಾಲೀಕರ ಮುಂದೆ ತಲೆ ತಗ್ಗಿಸಿ ನಿಲ್ಲೋದು ಅಂಗಡಿ ಹುಡುಗ ಅಲ್ಲ, ಲೆಕ್ಕ ಬರೆಯೋರು.

ಹಾಗಾಗಿ ಡ್ರೈವ್ ಬದಲಾಯಿಸೋಕೆ ಕೊಡೋ ಮುಂಚೆ ಮೂರು ಮಾತು ಬಾಯಿಬಿಟ್ಟು ಹೇಳಿ. ಹಳೇ ಡ್ರೈವ್ ನನಗೆ ವಾಪಸ್ ಬೇಕು, ಅದರಲ್ಲಿರೋದು ಅಳಿಸಬಾರದು. ಕ್ಲೋನ್ ಮಾಡ್ತೀರಾ, ಫ್ರೆಶ್ ಹಾಕ್ತೀರಾ ಅಂತ ಮೊದಲೇ ತಿಳಿಸಿ. ಫಾರ್ಮ್ಯಾಟ್ ಅನ್ನೋದು ಬಂದ್ರೆ ನನ್ನ ಕೇಳದೇ ಮಾಡಬೇಡಿ. ಕೊಡೋ ಮುಂಚೆ ಬಯೋಸ್‌ನ ಬೂಟ್ ಮತ್ತು ಸ್ಟೋರೇಜ್ ಪುಟಗಳ ಫೋಟೋ ಮೊಬೈಲ್‌ನಲ್ಲಿ ತೆಗೆದಿಟ್ಕೊಳ್ಳಿ. ಎರಡು ನಿಮಿಷದ ಕೆಲಸ, ಏನಾದ್ರೂ ಬದಲಾದ್ರೆ ತಕ್ಷಣ ಗೊತ್ತಾಗುತ್ತೆ.

ಹಳೇ ಡ್ರೈವನ್ನ ಕನಿಷ್ಠ ಒಂದು ತಿಂಗಳು ಹಾಗೇ ಇಡಿ. ಅಷ್ಟರಲ್ಲಿ ಒಂದು ಸಲ ರಿಟರ್ನ್ ಹಾಕಿರ್ತೀರಿ, ಪ್ರಿಂಟರ್ ಬಳಸಿರ್ತೀರಿ, ಹಳೇ ಫೈಲ್ ಯಾವುದೋ ಹುಡುಕಿರ್ತೀರಿ. ಎಲ್ಲ ಸರಿ ಇದೆ ಅಂತ ಖಾತ್ರಿ ಆದ್ಮೇಲೆ ಡೇಟಾ ಪೂರ್ತಿ ಅಳಿಸಿ, ಬೇಕಾದ್ರೆ ಬ್ಯಾಕಪ್‌ಗೆ ಬಳಸಿ. ಅಳಿಸದೇ ಯಾರಿಗೂ ಮಾರಬೇಡಿ, ಅದರಲ್ಲಿ ನಿಮ್ಮ ಆಧಾರ್, ಪ್ಯಾನ್ ಸ್ಕ್ಯಾನ್ ಎಲ್ಲ ಇರುತ್ತೆ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗೋವರೆಗೆ ಹಳೇ ಲೆಡ್ಜರ್ ರದ್ದಿಗೆ ಹಾಕ್ತೀರಾ? ಇಲ್ಲ ತಾನೆ. ಇದೂ ಹಾಗೇ.

ನಿಮ್ಮ ಕಂಪ್ಯೂಟರ್ ಬೂಟ್ ಆಗ್ತಿಲ್ಲ ಅಂದ್ರೆ ಪರದೆ ಮೇಲೆ ಬಂದಿರೋ ಮಾತನ್ನ ಫೋಟೋ ತೆಗೆದು, ಕಂಪ್ಯೂಟರ್ ಮಾಡೆಲ್ ಬರೆದು ನಮಗೆ ಕಳಿಸಿ. ಮುಂದಿನ ಕಂತುಗಳಲ್ಲಿ ಆದಷ್ಟಕ್ಕೆ ಉತ್ತರ ಕೊಡ್ತೀನಿ. ಅಲ್ಲಿವರೆಗೆ ಹಳೇ ಡ್ರೈವ್ ಜೋಪಾನ. ನಮಸ್ಕಾರ.